ದಿನದ ಧಾರಾವಾಹಿ ಒಪ್ಪಿಕೊಂಡರೆ ಸಿನಿಮಾದ ದಾರಿ ಮುಚ್ಚಿಹೋಗುತ್ತದಾ?

ಕೇಳಿದವರು: ಐದು ಸಲ ಪೊಲೀಸ್

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಆರು ವರ್ಷದಿಂದ ನಟನೆಯೇ ಕೆಲಸ, ಅದಕ್ಕೂ ಮುಂಚೆ ನಾಲ್ಕು ವರ್ಷ ನಾಟಕ. ಇಲ್ಲಿಯವರೆಗೆ ಹನ್ನೊಂದು ಸಿನಿಮಾದಲ್ಲಿ ನಟಿಸಿದ್ದೇನೆ. ಎರಡರಲ್ಲಿ ನನ್ನ ದೃಶ್ಯ ಎಡಿಟಿಂಗ್‌ನಲ್ಲೇ ಹೋಯಿತು. ಉಳಿದ ಒಂಬತ್ತರಲ್ಲಿ ಐದು ಸಲ ಪೊಲೀಸ್. ಹೋದ ವರ್ಷದ ಡೈರಿ ತೆಗೆದು ಎಣಿಸಿದೆ. ಕ್ಯಾಮೆರಾ ಮುಂದೆ ನಿಂತದ್ದು 43 ದಿನ. ಉಳಿದದ್ದೆಲ್ಲ ಆಡಿಷನ್, ಕಾಯುವುದು, ಮಧ್ಯೆ ಮಕ್ಕಳಿಗೆ ನಾಟಕದ ತರಗತಿ.

ಈಗ ಒಂದು ದಿನದ ಧಾರಾವಾಹಿಯಲ್ಲಿ ನಾಯಕಿಯ ಅಣ್ಣನ ಪಾತ್ರ ಬಂದಿದೆ. ಒಂದೂವರೆ ವರ್ಷದ ಒಪ್ಪಂದ, ತಿಂಗಳಿಗೆ ಸುಮಾರು 15 ದಿನ ಕೆಲಸ. ಮನೆಯವರಿಗೆ ಖುಷಿ. ಆದರೆ ಜೊತೆಯ ನಟರು ಬೇಡ ಅನ್ನುತ್ತಿದ್ದಾರೆ. ಟಿವಿ ಮುಖ ಅಂತ ಒಂದು ಸಲ ಅಂದುಕೊಂಡರೆ ಸಿನಿಮಾದವರು ಮತ್ತೆ ಕರೆಯುವುದಿಲ್ಲವಂತೆ. ಸೋಮವಾರ ಉತ್ತರ ಹೇಳಬೇಕು.

ಇನ್ನೊಂದು ಮಾತು. ನನ್ನ ತಂಗಿ ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಮುಂದಿನ ಹುದ್ದೆ ಯಾವುದು, ಎಷ್ಟು ವರ್ಷಕ್ಕೆ ಸಿಗಬಹುದು ಅಂತ ಗೊತ್ತು. ನಮ್ಮ ಕೆಲಸದಲ್ಲಿ ಮುಂದಿನ ಮೆಟ್ಟಿಲು ಯಾವುದು? ಅನುಭವ ಇರುವವರು ಹೇಳಿ.

ಉತ್ತರ 1: ಪಕ್ಕದ ಮನೆಯವಳು

ನನಗೆ 53. ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ.

ನಮ್ಮಲ್ಲಿ ಮೆಟ್ಟಿಲು ಇಲ್ಲ. ಇದೆ ಅಂತ ನಂಬಿ ನಾನು ಎಂಟು ವರ್ಷ ಸಂಕಟಪಟ್ಟೆ. ಎರಡು ಸಾಲಿನ ಪಾತ್ರ ಆಯಿತು, ಇನ್ನು ಎರಡು ದೃಶ್ಯದ್ದು ಬರಬೇಕು, ಆಮೇಲೆ ಪೋಸ್ಟರಿನಲ್ಲಿ ಮುಖ ಬರಬೇಕು ಅಂತ ಲೆಕ್ಕ. ಆದದ್ದು ಹಾಗಲ್ಲ. ಒಂದು ಸಿನಿಮಾದಲ್ಲಿ ಪೂರ್ತಿ ಕಥೆ ನನ್ನ ಸುತ್ತ ಇತ್ತು. ಅದಾದ ಮೂರೇ ತಿಂಗಳಿಗೆ ಮತ್ತೆ ನರ್ಸ್ ಪಾತ್ರ, ಅದೂ ಒಂದೇ ದಿನ. ಆ ದಿನ ಕ್ಯಾರವಾನ್‌ನಲ್ಲಿ ಕೂತು ಅತ್ತಿದ್ದೆ. ಈಗ ಅನಿಸುತ್ತದೆ, ನಾನು ಎಣಿಸುತ್ತಿದ್ದದ್ದೇ ತಪ್ಪು. ಎಷ್ಟು ದೊಡ್ಡ ಪಾತ್ರ ಅಂತ ಎಣಿಸಬೇಡಿ. ನಿಮ್ಮನ್ನು ಎರಡನೇ ಸಲ ಕರೆದವರು ಎಷ್ಟು ಜನ ಅಂತ ಎಣಿಸಿ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎರಡು ಅಥವಾ ಅದಕ್ಕಿಂತ ಜಾಸ್ತಿ ಸಲ ಕರೆದವರ ಹೆಸರು ಮಾತ್ರ ಅದರಲ್ಲಿ ಇದೆ. 26 ವರ್ಷಕ್ಕೆ 38 ಹೆಸರು. ನನ್ನ ಜೀವನ ನಡೆದದ್ದು ಆ 38 ಜನರಿಂದ. ಅದರಲ್ಲಿ ದೊಡ್ಡ ನಿರ್ದೇಶಕರು ಕಡಿಮೆ. ಸಹಾಯಕ ನಿರ್ದೇಶಕರು, ಕ್ಯಾಮೆರಾದವರು, ಒಬ್ಬ ಸೌಂಡ್ ರೆಕಾರ್ಡಿಸ್ಟ್ ಕೂಡ ಇದ್ದಾರೆ.

ಒಂದು ಉದಾಹರಣೆ ಹೇಳುತ್ತೇನೆ. ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಹೆಂಗಸಿನ ಪಾತ್ರ. "ಫಾರ್ಮ್ ತುಂಬಿಸಿ" ಅನ್ನಬೇಕು, ಆಮೇಲೆ "ಇಲ್ಲಿ ಸಹಿ" ಅನ್ನಬೇಕು, ಅಷ್ಟೇ. ನಾಯಕನ ಕ್ಲೋಸಪ್ ಆರು ಟೇಕ್ ಆಯಿತು. ನಾನು ಫ್ರೇಮಿನಲ್ಲಿ ಇರಲಿಲ್ಲ. ಆದರೂ ಆರು ಸಲವೂ ಅವನ ಕಣ್ಣು ನೋಡಿ ಅದೇ ಮನಸ್ಸಿನಿಂದ ಹೇಳಿದೆ. ಅವನಿಗೆ ನೋಡಲು ಒಂದು ಮುಖ ಬೇಕಲ್ವಾ? ಕ್ಲಾಪ್ ಹೊಡೆಯುತ್ತಿದ್ದ ಹುಡುಗ ಅದನ್ನು ಗಮನಿಸಿದ್ದನಂತೆ. ಒಂಬತ್ತು ವರ್ಷದ ಮೇಲೆ ಅವನೇ ನಿರ್ದೇಶಕನಾದ. ತಾಯಿಯ ಪಾತ್ರಕ್ಕೆ ನನಗೆ ಆಡಿಷನ್ ಇಲ್ಲದೆ ಫೋನ್ ಬಂತು.

ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದ ನಟ ಬ್ರಯಾನ್ ಕ್ರ್ಯಾನ್‌ಸ್ಟನ್ ಗೊತ್ತಲ್ಲ? 1998ರಲ್ಲಿ ಎಕ್ಸ್-ಫೈಲ್ಸ್ ಅನ್ನುವ ಟಿವಿ ಧಾರಾವಾಹಿಯ ಒಂದೇ ಒಂದು ಕಂತಿಗೆ ಅತಿಥಿ ನಟನಾಗಿ ಹೋಗಿದ್ದರು. ಅದನ್ನು ಬರೆದವರು ವಿನ್ಸ್ ಗಿಲಿಗನ್. ಆಮೇಲೆ ಕ್ರ್ಯಾನ್‌ಸ್ಟನ್ 2000ದಿಂದ 2006ರವರೆಗೆ ಒಂದು ಹಾಸ್ಯ ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಮಾಡಿದರು. ಆಮೇಲೆ ತಮ್ಮ ಬ್ರೇಕಿಂಗ್ ಬ್ಯಾಡ್ ಧಾರಾವಾಹಿಗೆ ಗಿಲಿಗನ್, ಕ್ರ್ಯಾನ್‌ಸ್ಟನ್ ಹೆಸರು ಹೇಳಿದಾಗ ಚಾನೆಲ್‌ನವರಿಗೆ ಕಂಡದ್ದು ಆ ಹಾಸ್ಯದ ಅಪ್ಪ ಮಾತ್ರ. ಗಿಲಿಗನ್ ಹಳೆಯ ಕಂತನ್ನು ತೋರಿಸಿ ಒಪ್ಪಿಸಿದರು. ಧಾರಾವಾಹಿ ಶುರುವಾದದ್ದು 2008ರಲ್ಲಿ. ಹತ್ತು ವರ್ಷದ ಹಿಂದಿನ ಒಂದು ಕಂತು ಅಷ್ಟು ಕೆಲಸ ಮಾಡಿತು.

ಟಿವಿ ಮುಖದ ಭಯ ಸುಳ್ಳಲ್ಲ. ಆದರೆ ಅದು ಎಲ್ಲರಿಗೂ ಕೊನೆಯ ತೀರ್ಪೂ ಅಲ್ಲ. ನಟ ಕ್ರಿಸ್ಟೋಫ್ ವಾಲ್ಟ್ಸ್ ಮೂರು ದಶಕ ಜಾಸ್ತಿ ಮಾಡಿದ್ದು ಜರ್ಮನ್ ಭಾಷೆಯ ಟಿವಿಯೇ. 2009ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂದಾಗ ಅವರಿಗೆ 52. ಆ ಮೂವತ್ತು ವರ್ಷದಲ್ಲಿ ಅವರು ಕೆಲಸ ಮಾಡುತ್ತಲೇ ಇದ್ದರು. ನಿಮ್ಮ ಗೆಳೆಯರಿಗೆ ಅದನ್ನು ಹೇಳಿ.

ನಾನೂ 412 ಕಂತು ಮಾಡಿದ್ದೇನೆ. ದಿನಕ್ಕೆ ಹತ್ತು ಹನ್ನೆರಡು ಪುಟ. ಕೆಳಗೆ ನೋಡದೆ ನೆಲದ ಗುರುತಿನ (ಮಾರ್ಕ್) ಮೇಲೆ ನಿಲ್ಲುವುದು, ಇಡೀ ದೃಶ್ಯ ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಕೈಯಲ್ಲಿ ಲೋಟ ಹಿಡಿದೆನೋ ಕ್ಲೋಸಪ್‌ನಲ್ಲೂ ಅದೇ ಕೈಯಲ್ಲಿ ಹಿಡಿಯುವುದು, ಬೆಳಕು ನನ್ನ ಮುಖಕ್ಕೆ ಬಿತ್ತಾ ಅಂತ ಚರ್ಮದ ಬಿಸಿಯಿಂದಲೇ ತಿಳಿಯುವುದು, ಇದೆಲ್ಲ ಅಲ್ಲೇ ಕಲಿತದ್ದು. ಅಪರೂಪಕ್ಕೊಂದು ದಿನ ಶೂಟಿಂಗ್‌ಗೆ ಹೋಗುತ್ತಿದ್ದರೆ ಇದು ಕೈಗೆ ಹತ್ತುವುದಿಲ್ಲ.

ಯಾರೂ ಮುಂಚೆ ಹೇಳದ ಒಂದು ವಿಷಯ ಇದೆ. ನನಗೆ 40ರಿಂದ 44ರವರೆಗೆ ಫೋನೇ ಬರಲಿಲ್ಲ. ನಾಯಕಿಯ ಅಕ್ಕ ಆಗಲು ವಯಸ್ಸು ಜಾಸ್ತಿ, ಅತ್ತೆ ಆಗಲು ಕಡಿಮೆ. ಹೆಂಗಸರಿಗೆ ಈ ಹೊತ್ತು ಬರುತ್ತದೆ. ಗಂಡಸರಿಗೂ ಬರುತ್ತದೆ, ಸ್ವಲ್ಪ ತಡವಾಗಿ. ನಾನು ಆಗ ಡಬ್ಬಿಂಗ್ ಮಾಡಿದೆ. ದಿನಕ್ಕೆ ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ತುಟಿಗೆ ಮಾತು ಕೂರಿಸಿದೆ. ಒಂದು ನಿರ್ಮಾಣ ಸಂಸ್ಥೆ ಮೂರು ತಿಂಗಳ ಹಣ ಕೊಡದೆ ಸತಾಯಿಸಿತು. ಅದು ಇವತ್ತಿಗೂ ಬಂದಿಲ್ಲ. ಆದರೂ ಸ್ಟುಡಿಯೋ ಬಿಡಲಿಲ್ಲ, ಯಾಕೆಂದರೆ ನಮ್ಮ ಜನ ಇರುವುದು ಅಲ್ಲೇ. ಹಾಲಿವುಡ್ ನಟ ಕಿ ಹುಯ್ ಕ್ವಾನ್ 1984ರಲ್ಲಿ ಬಾಲನಟನಾಗಿ ಮನೆಮಾತಾದವರು. ದೊಡ್ಡವರಾದ ಮೇಲೆ ಪಾತ್ರಗಳೇ ಬರಲಿಲ್ಲ. ಅವರು ಸಿನಿಮಾ ಶಿಕ್ಷಣ ಪಡೆದು ಕ್ಯಾಮೆರಾ ಹಿಂದೆ ಹೋದರು, ಸಾಹಸ ದೃಶ್ಯಗಳ ತಂಡದಲ್ಲಿ ದುಡಿದರು. 2023ರಲ್ಲಿ ಅವರು ಆಸ್ಕರ್ ಹಿಡಿದು ಅತ್ತಾಗ ನಾನೂ ಅತ್ತೆ. ಅವರ ಪ್ರಶಸ್ತಿಗಿಂತ, ಮಧ್ಯದ ಆ ವರ್ಷಗಳು ನನಗೆ ಅರ್ಥವಾದವು.

ಒಪ್ಪಿಕೊಳ್ಳಿ ಅನ್ನುತ್ತೇನೆ. ಆದರೆ ಒಪ್ಪಂದ ಪೂರ್ತಿ ಓದಿ.

ಉತ್ತರ 2: ಮೂರನೇ ಬೆಲ್

ಮೇಡಂ ಹೇಳಿದ್ದಕ್ಕೆ ನನ್ನ ಗೌರವ ಇದೆ. ಆದರೆ ನನ್ನ ಅನುಭವ ಬೇರೆ. ಮೂರು ವರ್ಷ ಧಾರಾವಾಹಿ ಮಾಡಿದೆ. ಮೊದಲ ವರ್ಷ ಕಲಿತೆ, ಎರಡನೇ ವರ್ಷ ಅದನ್ನೇ ಮತ್ತೆ ಮಾಡಿದೆ, ಮೂರನೇ ವರ್ಷ ಕೆಟ್ಟೆ. ಪ್ರತಿ ಮಾತು ಮುಗಿದ ಮೇಲೆ ಸಂಗೀತಕ್ಕೆ ಜಾಗ ಬಿಟ್ಟು ನಿಲ್ಲುವ ಅಭ್ಯಾಸ ಬಂತು. ಒಂದು ಸಿನಿಮಾ ಆಡಿಷನ್‌ನಲ್ಲಿ ನಿರ್ದೇಶಕಿ ಮೆತ್ತಗೆ ಕೇಳಿದರು, "ನೀವು ಯಾಕೆ ಕಾಯುತ್ತಿದ್ದೀರಿ?" ನನಗೆ ಕಾಯುತ್ತಿದ್ದದ್ದೇ ಗೊತ್ತಿರಲಿಲ್ಲ.

ಅದು ಹೋಗಲು ಒಂದು ವರ್ಷ ನಾಟಕ ಬೇಕಾಯಿತು. ತಿಂಗಳಿಗೆ 15 ದಿನ ಕೆಲಸ ಅಂದರೆ ಇನ್ನೂ 15 ದಿನ ಇದೆ. ಆ ದಿನಗಳಲ್ಲಿ ಒಂದು ನಾಟಕ ಹಿಡಿಯಿರಿ. ಚಿಕ್ಕದಾದರೂ ಪರವಾಗಿಲ್ಲ.

ಉತ್ತರ 3: ಕಾಲ್ ಶೀಟ್

ನಾನು ಪಾತ್ರ ಆಯ್ಕೆಯ ತಂಡದಲ್ಲಿ ಕೆಲಸ ಮಾಡುತ್ತೇನೆ. ಚುಟುಕಾಗಿ ಹೇಳುತ್ತೇನೆ.

ನಮಗೆ ಟಿವಿ ಮುಖ ಅನ್ನುವುದಕ್ಕಿಂತ ಡೇಟ್ ಇಲ್ಲ ಅನ್ನುವುದೇ ದೊಡ್ಡ ತೊಂದರೆ. ಎಷ್ಟೋ ಸಲ ಒಳ್ಳೆಯ ನಟರನ್ನು ಬಿಟ್ಟಿದ್ದೇವೆ, ಧಾರಾವಾಹಿಯವರು ಹತ್ತು ದಿನ ಒಟ್ಟಿಗೆ ಬಿಡಲಿಲ್ಲ ಅಂತ. ಅದಕ್ಕೇ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ. ಬೇರೆ ಕಡೆ ಕೆಲಸ ಮಾಡಲು ಅನುಮತಿ ಬೇಕಾ? ಮುಂಚೆ ತಿಳಿಸಿದರೆ ಎಷ್ಟು ದಿನ ಬಿಡುತ್ತಾರೆ? ಜೊತೆಗೆ ನಿಮ್ಮ ಟ್ರ್ಯಾಕ್ (ನಿಮ್ಮ ಪಾತ್ರದ ಕಥೆ) ಮಧ್ಯದಲ್ಲೇ ನಿಲ್ಲಿಸಿದರೆ ಏನು ಅಂತಲೂ ಕೇಳಿ. ಒಂದೂವರೆ ವರ್ಷ ನಿಮ್ಮನ್ನು ಕಟ್ಟಿಹಾಕುವ ಕಾಗದ ಅವರನ್ನೂ ಕಟ್ಟಿಹಾಕುತ್ತದಾ ಅಂತ ನೋಡಿ.

ಮರುಪ್ರಸಾರಕ್ಕೆ, ಓಟಿಟಿಗೆ ಬೇರೆ ಹಣ ಇದೆಯಾ ಅನ್ನುವುದನ್ನೂ ಕೇಳಿ. ಇಲ್ಲ ಅನ್ನಬಹುದು. ಆದರೂ ಕೇಳಿ. ಅಮೆರಿಕದ ನಟರು ಇದಕ್ಕೆ 1960ರಲ್ಲೇ ಮುಷ್ಕರ ಮಾಡಿದ್ದರು, ಟಿವಿಯಲ್ಲಿ ಸಿನಿಮಾ ಹಾಕಿದಾಗ ನಮಗೂ ಪಾಲು ಬೇಕು ಅಂತ. 2023ರಲ್ಲಿ ಮತ್ತೆ 118 ದಿನ ಕೆಲಸ ನಿಲ್ಲಿಸಿದರು. ಆಗಲೂ ಓಟಿಟಿಯ ಪಾಲು ಒಂದು ಮುಖ್ಯ ಬೇಡಿಕೆ. ಕೇಳಿದ್ದರಿಂದಲೇ ಅವರಿಗೆ ಅಷ್ಟಾದರೂ ಸಿಕ್ಕಿತು.

ಇನ್ನು ನಿಮ್ಮ ಶೋರೀಲ್, ಅಂದರೆ ನಿಮ್ಮ ನಟನೆಯ ತುಣುಕುಗಳನ್ನು ಜೋಡಿಸಿದ ವಿಡಿಯೋ. ಐದು ಪೊಲೀಸ್ ತುಣುಕು ಹಾಕಿದ್ದರೆ ನಾಲ್ಕನ್ನು ತೆಗೆಯಿರಿ. ಒಂದೂವರೆ ನಿಮಿಷ ಸಾಕು. ಮೊದಲ ಹತ್ತು ಸೆಕೆಂಡಿನಲ್ಲಿ ಮುಖ ಮತ್ತು ದನಿ ಎರಡೂ ಸಿಗಬೇಕು. ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವ ದೃಶ್ಯ ಒಂದಿರಲಿ. ನಾವು ಅದನ್ನು ತುಂಬಾ ಹುಡುಕುತ್ತೇವೆ.

ಐದು ಸಲ ಪೊಲೀಸ್

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಒಪ್ಪಂದ ಎರಡು ಸಲ ಓದಿದೆ. ಬೇರೆ ಕೆಲಸಕ್ಕೆ ಬರವಣಿಗೆಯಲ್ಲಿ ಅನುಮತಿ ಬೇಕು ಅಂತ ಇದೆ. ದಿನದ ಲೆಕ್ಕ ಇಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. ಒಂದು ತಿಂಗಳು ಮುಂಚೆ ಹೇಳಿದರೆ ವರ್ಷದಲ್ಲಿ ಎರಡು ಸಲ ಎಂಟೆಂಟು ದಿನ ಬಿಡುತ್ತೇವೆ ಅಂದರು. ಅದನ್ನು ಕಾಗದದಲ್ಲಿ ಹಾಕಿ ಅಂದಿದ್ದೇನೆ. ಮರುಪ್ರಸಾರದ ಹಣ ಇಲ್ಲವಂತೆ.

ಮೇಡಂ, ನಿಮ್ಮ ಮಾತು ಕೇಳಿ ನಾನೂ ಹೆಸರು ಬರೆದೆ. ಎರಡನೇ ಸಲ ಕರೆದವರು ನಾಲ್ಕು ಜನ. ನಾಲ್ಕನೆಯವರು ಈ ಧಾರಾವಾಹಿಯ ನಿರ್ದೇಶಕರೇ. ಅವರು ಮೊದಲು ನನ್ನನ್ನು ನೋಡಿದ್ದು ಯಾವ ಸಿನಿಮಾದಲ್ಲಿ ಅಂತ ಇವತ್ತು ಕೇಳಿದೆ. ಆಗ ಅವರು ಅಲ್ಲಿ ಸಹ ನಿರ್ದೇಶಕರಾಗಿದ್ದರಂತೆ. ನನ್ನ ದೃಶ್ಯ ಕತ್ತರಿಸಿ ಹೋದ ಎರಡು ಸಿನಿಮಾಗಳಲ್ಲಿ ಅದೂ ಒಂದು.

ಸೋಮವಾರ ಸಹಿ ಮಾಡುತ್ತೇನೆ, ಆ ಸಾಲು ಕಾಗದದಲ್ಲಿ ಬಂದಿದ್ದರೆ. ನಾಟಕದ ತಂಡಕ್ಕೂ ಮೆಸೇಜ್ ಹಾಕಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.