ಸಹಾಯ ಬೇಕು: ವನ್ಯಜೀವಿ ಸಂಶೋಧನೆಗೆ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ, ಪ್ರಾಣಿಶಾಸ್ತ್ರ. ಮುಂದೆ ವನ್ಯಜೀವಿ ಸಂಶೋಧನೆಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ಇದು ಸುಮ್ನೆ ಸಫಾರಿ ಹುಚ್ಚಲ್ಲ. ಹುಲಿಯ ಎಡ ಬಲ ಮಗ್ಗುಲಿನ ಪಟ್ಟೆ ಬೇರೆ ಬೇರೆ ಇರುತ್ತವೆ, ಅದಕ್ಕೇ ಕಾಡುದಾರಿಯ ಎರಡೂ ಕಡೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟುತ್ತಾರೆ, ಆ ಫೋಟೋಗಳಲ್ಲಿ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಒಟ್ಟು ಹುಲಿ ಎಷ್ಟು ಅಂತ ಅಂದಾಜಿಸುವುದು ಪೂರ್ತಿ ಸಂಖ್ಯಾಶಾಸ್ತ್ರದ ಕೆಲಸ ಅಂತ ನನಗೇ ಪಾಠ ಹೇಳುತ್ತಾಳೆ.

ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ, ಇಲ್ಲೇ ಹತ್ತಿರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೂರೂ ಕಡೆ ಎಂಎಸ್ಸಿ ಇದೆ. ಮೊದಲ ಎರಡರಲ್ಲಿ ಸೀಟು ತೀರಾ ಕಡಿಮೆ, ಪೈಪೋಟಿ ಜಾಸ್ತಿ.

ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ. ಪ್ರವೇಶ ಪರೀಕ್ಷೆಗೆ ಸಂಖ್ಯಾಶಾಸ್ತ್ರ ಎಷ್ಟು ಓದಿಕೊಳ್ಳಬೇಕು, ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ 'ಆರ್' (R) ಅನ್ನೋ ಕಂಪ್ಯೂಟರ್ ಭಾಷೆ ಈಗಲೇ ಕಲಿಯಬೇಕಾ? ಒಂದು ವರ್ಷ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ದುಡಿದು ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ, ಆದರೆ ಅಂಥ ಕೆಲಸಕ್ಕೆ ಊಟ ವಸತಿ ಬಿಟ್ಟು ಸಂಬಳವೂ ಕೊಡುತ್ತಾರಾ? ಪಿಎಚ್‌ಡಿ ಮುಗಿಸಿದ ಮೇಲೆ ಕೆಲಸ ಸಿಗುತ್ತದಾ ಅನ್ನುವುದೇ ಅಮ್ಮನ ದೊಡ್ಡ ಚಿಂತೆ. ಕಾಡಿನಲ್ಲಿ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡಿದ ಅಕ್ಕಂದಿರು ಯಾರಾದರೂ ಇದ್ದರೆ ಅಮ್ಮನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡುತ್ತೀರಾ?