ಚಂದ್ರಹಿಟ್ಟು: ಫಲಕಕ್ಕೆ ಈ ಪದ ಹಾಕಬಹುದೇ?

ಎಲ್ಲರಿಗೂ ನಮಸ್ಕಾರ. ಹಳೆಯ ರೇಷ್ಮೆ ಬಟ್ಟೆಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಬರೆಯುತ್ತಿದ್ದೇನೆ. ಕಿತ್ತಳೆಗೆಂಪಿನ ಒಂದು ತುಣುಕಿನ ಕೆಳಗೆ ಇಂಗ್ಲಿಷಿನಲ್ಲಿ ‘ಕಮಲಾ’ ಬಣ್ಣ ಎಂದಿದೆ. ಹಿಂದಿನ ಕರಡಿನಲ್ಲಿ ಅದು ‘ತಾವರೆ ಹೂವಿನ ಬಣ್ಣ’ ಆಗಿಬಿಟ್ಟಿದೆ. ತಾವರೆಗೂ ಇದಕ್ಕೂ ಸಂಬಂಧವಿಲ್ಲ; ಮಲ್ಲೋಟಸ್ ಫಿಲಿಪೆನ್ಸಿಸ್ ಮರದ ಕಾಯಿಯ ಮೇಲಿನ ಪುಡಿ ಇದು. ಹುಡುಕಿದಾಗ ಕುಂಕುಮದ ಮರ, ವಸಾರೆ, ಚಂದ್ರಹಿಟ್ಟು ಎಂಬ ಹೆಸರುಗಳು ಸಿಕ್ಕಿವೆ. ಯಾವುದನ್ನು ಹಾಕಲಿ? ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು.

—

ಚಂದ್ರಹಿಟ್ಟು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಪದ. ಬೇಡ. ‘ಕೆಂಬುಡಿ’ ಎಂದು ಬರೆಯಿರಿ, ಮುಗಿಯಿತು.

—

ಅರಿಸಮಾಸದ ಮಾತೇ ಬರುವುದಿಲ್ಲ. ಇಲ್ಲಿರುವುದು ಸಂಸ್ಕೃತದ ಚಂದ್ರನಲ್ಲ. ‘ಚೆನ್’ ಎಂದರೆ ಕೆಂಪು. ಚೆಂಬು ಎಂಬಲ್ಲಿರುವುದೂ ಅದೇ. ಚೆನ್ ಎಂಬುದೇ ಚಂದ್ರ ಆಗಿದೆ. ಅಪ್ಪಟ ದ್ರಾವಿಡ ಪದ. ಇದನ್ನು ಹಿಂದೆಯೂ ಬರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

—

ಫಲಕದವರೇ, ಚಂದ್ರಹಿಟ್ಟು ಎಂದೇ ಹಾಕಿ.

ಮೊದಲು ‘ಚೆನ್’ ವಾದ. ಅದು ನಿಲ್ಲುವುದಿಲ್ಲ. ಇ, ಎ ಸ್ವರಗಳ ಮುಂದೆ ಕಕಾರ ಚಕಾರಕ್ಕೆ ತಿರುಗಿದ್ದು ತಮಿಳು, ತೆಲುಗುಗಳಲ್ಲಿ. ಕನ್ನಡ ಕಕಾರವನ್ನು ಬಿಟ್ಟುಕೊಟ್ಟಿಲ್ಲ: ನಮಗೆ ಕಿವಿ, ಅವರಿಗೆ ಚೆವಿ, ನಮಗೆ ಕೆಂಪು, ಕೆಂದಾವರೆ, ಕೆಂದುಟಿ. ಚೆಂಬು ತಮಿಳಿನ ಕಡೆಯಿಂದ ಬಂದದ್ದು, ಅದನ್ನು ಸಾಕ್ಷಿಗೆ ನಿಲ್ಲಿಸಬೇಡಿ. ಸಂಸ್ಕೃತ ನಿಘಂಟು ಅಮರಕೋಶದ ವನೌಷಧಿ ವರ್ಗವನ್ನು ತೆರೆದು ನೋಡಿ: ಕಾಂಪಿಲ್ಯ, ಕರ್ಕಶ, ಚಂದ್ರ, ರಕ್ತಾಂಗ, ರೋಚನೀ. ಐದೂ ಇದೇ ವಸ್ತುವಿನ ಹೆಸರುಗಳು. ಚಂದ್ರಹಿಟ್ಟಿನ ಚಂದ್ರ ಅಲ್ಲಿಯದು. ಹಿಂದಿಯ ಕಮೀಲಾ, ನಿಮ್ಮ ಇಂಗ್ಲಿಷ್ ಫಲಕದ ಕಮಲಾ, ಎರಡೂ ಕಾಂಪಿಲ್ಯದ ಪೀಳಿಗೆ. ತಾವರೆ ನುಸುಳಿದ್ದು ಬರಿಯ ಉಚ್ಚಾರದ ಹೋಲಿಕೆಯಿಂದ.

ಇನ್ನು ‘ಹಿಟ್ಟು’. ಈ ಪದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕಾಯಿ ಬಟಾಣಿಗಿಂತ ತುಸು ದೊಡ್ಡದು, ಮೂರು ಹೋಳಿನದು. ಮಾಗಿದಾಗ ಮೈತುಂಬ ಇಟ್ಟಿಗೆಗೆಂಪು ಧೂಳು ಕೂತಿರುತ್ತದೆ. ಕುಟ್ಟಬೇಕಿಲ್ಲ, ಬೀಸಬೇಕಿಲ್ಲ, ಕೈಯಲ್ಲಿ ಉಜ್ಜಿದರೆ ನುಣ್ಣಗೆ ಉದುರುತ್ತದೆ. ವಾಸನೆಯಿಲ್ಲ, ರುಚಿಯಿಲ್ಲ. ನೀರಿಗೆ ಹಾಕಿದರೆ ಕರಗದೆ ಮೇಲೆ ತೇಲುತ್ತದೆ, ಕುದಿಯುವ ನೀರಿಗೂ ಅಷ್ಟಾಗಿ ಜಗ್ಗುವುದಿಲ್ಲ. ಕ್ಷಾರ ಸೋಕಿತೋ, ಕಡುಗೆಂಪಾಗಿ ಬಿಟ್ಟುಕೊಳ್ಳುತ್ತದೆ. ರೇಷ್ಮೆಗೆ ಬಣ್ಣ ಕಟ್ಟುವ ಹಳೆಯ ಪಾಕದಲ್ಲಿ 4 ಪಾಲು ಈ ಹಿಟ್ಟು, 1 ಪಾಲು ಪಟಿಕ, 2 ಪಾಲು ಸೋಡಾಕ್ಷಾರ. ಸ್ವಲ್ಪ ಎಳ್ಳೆಣ್ಣೆ ಹಾಕಿ ಅರೆದು ಕುದಿನೀರಿಗೆ ಬಿಡುವುದು. ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಈ ಮರವನ್ನು ‘ರಾಟ್ಲೆರಾ ಟಿಂಕ್ಟೋರಿಯಾ’ ಎಂದು ಕರೆದಿದ್ದ. ಬಣ್ಣದ ಸತ್ವಕ್ಕೆ ಇಂದಿಗೂ ರಾಟ್ಲೆರಿನ್ ಎಂಬ ಹೆಸರು ಉಳಿದಿರುವುದು ಅದರಿಂದ. ಇಷ್ಟೆಲ್ಲ ಗುಣವಿರುವ ವಸ್ತುವನ್ನು ‘ಕೆಂಬುಡಿ’ ಎಂದರೆ ಓದುವವರಿಗೆ ಏನು ತಿಳಿಯಬೇಕು? ಇಟ್ಟಿಗೆಯ ಪುಡಿಯೂ ಕೆಂಬುಡಿ, ಮೆಣಸಿನ ಪುಡಿಯೂ ಕೆಂಬುಡಿ.

ಕುಂಕುಮದ ಮರ ಬೇಡವೇ ಬೇಡ. ಸಂಸ್ಕೃತದಲ್ಲಿ ಕುಂಕುಮವೆಂದರೆ ಕೇಸರಿ, ನಮ್ಮಲ್ಲಿ ಅರಿಸಿನಕ್ಕೆ ಸುಣ್ಣ ಬೆರೆತ ಕೆಂಪು. ಅಮೆರಿಕ ಖಂಡದಿಂದ ಬಂದ ರಂಗಮಾಲೆ ಗಿಡಕ್ಕೂ ಇದೇ ಹೆಸರು ಅಂಟಿಕೊಂಡಿದೆ. ವಸಾರೆಯನ್ನು ಮರದ ಹೆಸರಾಗಿ ಆವರಣದಲ್ಲಿ ಕೊಡಿ.

ಅರಿಸಮಾಸ ಎಂದವರು ‘ಮಳೆಮಾಪಕ’ವನ್ನು ಏನು ಮಾಡುತ್ತಾರೆ? ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗಗಳಲ್ಲಿ ಅರಿಸಮಾಸವನ್ನು ಒಪ್ಪಿದ್ದಾನೆ.

—

ಒಪ್ಪಿದ್ದು ಕವಿಗಳಿಗೆ, ಮೂಲಿಕೆಯ ಪಟ್ಟಿ ಬರೆಯುವವರಿಗಲ್ಲ. ತುಪ್ಪಕ್ಕೆ ಎಣ್ಣೆ ಬೆರೆಸಬೇಡಿ ಎಂದು ಕವಿ ನಯಸೇನ 12ನೆಯ ಶತಮಾನದಲ್ಲೇ ಹೇಳಿಯಾಗಿದೆ. ಬಂದ ಪದಕ್ಕೆಲ್ಲ ಬಾಗಿಲು ತೆರೆಯುತ್ತ ಹೋದರೆ ಕನ್ನಡದ ಪಾಲಿಗೆ ಉಳಿಯುವುದು ಪ್ರತ್ಯಯ ಮಾತ್ರ. ಕೆಂಬುಡಿ ಬಳಸಿದರೆ ಬಳಕೆಗೆ ಬರುತ್ತದೆ. ಬಳಸದೆ ‘ಯಾರಿಗೆ ತಿಳಿಯುತ್ತದೆ’ ಎಂದು ಕೇಳುವುದು ನ್ಯಾಯವಲ್ಲ.

—

ಹೊಸ ಪದ ಕಟ್ಟುವುದಕ್ಕೆ ನನ್ನ ವಿರೋಧವಿಲ್ಲ, ಪದವಿಲ್ಲದ ಕಡೆ ಕಟ್ಟಿ. ಇಲ್ಲಿ ಪದ ಇದೆ. ಐದು ಸಂಸ್ಕೃತ ಹೆಸರುಗಳಲ್ಲಿ ಒಂದನ್ನು ತೆಗೆದುಕೊಂಡು, ಅದಕ್ಕೆ ತನ್ನ ಹಿಟ್ಟನ್ನು ಸೇರಿಸಿ ಕನ್ನಡ ಇದನ್ನು ತನ್ನದಾಗಿಸಿಕೊಂಡಿದೆ. ಎರವಲು ತಂದದ್ದು ಅರ್ಧ, ದುಡಿದದ್ದು ಅರ್ಧ. ಶುದ್ಧಿಯ ಹೆಸರಿನಲ್ಲಿ ಅದನ್ನು ಅಳಿಸಿದರೆ ಹೋಗುವುದು ಸಂಸ್ಕೃತದ ಪದವಲ್ಲ, ಕನ್ನಡದ್ದು. ಈಗಲೇ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು.

—

ಎಲ್ಲರಿಗೂ ವಂದನೆ. ‘ಚಂದ್ರಹಿಟ್ಟು: ವಸಾರೆ ಮರದ ಕಾಯಿಯ ಮೇಲಿಂದ ಉಜ್ಜಿ ತೆಗೆದ ಕೆಂಪು ಬಣ್ಣ’ ಎಂದು ಬರೆದಿದ್ದೇನೆ. ತಾವರೆಯನ್ನು ತೆಗೆಸಿದ್ದೇನೆ. ಪಕ್ಕದ ಫಲಕದಲ್ಲಿ ‘ಪತಂಗ’ ಎಂದಿದೆ, ಕರಡಿನಲ್ಲಿ ಅದು ‘ಚಿಟ್ಟೆಯ ಬಣ್ಣ’ ಆಗಿದೆ. ಅದು ಸಪ್ಪಂಗ ಮರದ ಚಕ್ಕೆ ತಾನೇ? ಇವತ್ತೇ ತಿಳಿಸಿದರೆ ಉಪಕಾರವಾಗುತ್ತದೆ.