ಕಟ್ಟೆ ಕಟ್ಟಿದ ಬೇವು ಒಣಗುತ್ತಿದೆ: ರೋಗವೋ, ಬೇರಿನದೋ?

ಉದ್ಯಾನದ ಹುಡುಗ, ವಿಜಯಪುರ: ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂಬತ್ತು ಬೇವಿನ ಮರಗಳಿವೆ. ನಾಲ್ಕು ಮರಗಳು ತುದಿಯಿಂದ ಕೆಳಕ್ಕೆ ಒಣಗುತ್ತ ಬರುತ್ತಿವೆ. ಯುಗಾದಿಗೆ ಬೇವು-ಬೆಲ್ಲಕ್ಕೆ ಹೂವು ಕೀಳಲು ಹೋದಾಗಲೇ ಈ ನಾಲ್ಕರಲ್ಲಿ ಹೂವಿರಲಿಲ್ಲ. ಶ್ರಾವಣ ಬಂದರೂ ಚಿಗುರು ಸಣ್ಣದು, ಬಣ್ಣ ಹಳದಿ. ಮಾಲಿ ಯೂರಿಯಾ ಹಾಕಿದ, ಗೆದ್ದಲಿನ ಔಷಧಿ ಸುರಿದ, ಏನೂ ಆಗಲಿಲ್ಲ. ಸಮಿತಿಯವರು ತಲೆ ಸವರಿಸಿಬಿಡೋಣ ಎನ್ನುತ್ತಿದ್ದಾರೆ.

ಹಸಿರು ಕೈ: ಇದು ಬೇವಿನ ತುದಿ ಒಣಗುವ ರೋಗ, ಫೋಮಾಪ್ಸಿಸ್ ಶಿಲೀಂಧ್ರದ್ದು. ಶಿಲೀಂಧ್ರನಾಶಕ ಸಿಂಪಡಿಸಿ.

ತೋಟದ ಕಾಕಾ, ಬಾಗಲಕೋಟೆ: ಸ್ವಲ್ಪ ತಾಳಿ. ಆ ರೋಗ ಕಾಣಿಸುವುದು ಮಳೆ ಹಿಡಿದ ಮೇಲೆ. ಎಳೆ ರೆಂಬೆಗಳು ಬೆಂಕಿ ತಗುಲಿದಂತೆ ಕಂದಾಗುತ್ತವೆ, ಪಕ್ಕದ ಮರಗಳನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ನಿಮ್ಮಲ್ಲಿ ಯುಗಾದಿಗೇ ಹೂವಿಲ್ಲ, ಐದು ಮರಗಳಿಗೆ ಏನೂ ಆಗಿಲ್ಲ. ಈ ನಾಲ್ಕಕ್ಕೆ ಮಾತ್ರ ಏನು ಮಾಡಿದ್ದೀರಿ? ಬುಡದ ಚಿತ್ರ ಹಾಕಿ, ತುದಿಯದು ಬೇಡ.

ಉದ್ಯಾನದ ಹುಡುಗ: ಚಿತ್ರ ಹಾಕಿದ್ದೇನೆ ಕಾಕಾ. ಹೋದ ವರ್ಷ ಮುಂಗಾರಿಗೆ ಮುಂಚೆ ಗುತ್ತಿಗೆದಾರ ಈ ನಾಲ್ಕಕ್ಕೆ ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಎರಡಡಿ ಎರೆಮಣ್ಣು ತುಂಬಿದ. ಹಿರಿಯರು ಸಂಜೆ ಕೂರುತ್ತಾರೆ.

ತೋಟದ ಕಾಕಾ: ಸಿಕ್ಕಿತು. ಮರದ ಬುಡ ಆನೆಯ ಪಾದದ ಹಾಗೆ ಅಗಲವಾಗಿ ನೆಲಕ್ಕೆ ಕೂಡಬೇಕು. ನಿಮ್ಮದು ವಿದ್ಯುತ್ ಕಂಬದ ಹಾಗೆ ನೇರವಾಗಿ ಮಣ್ಣಿಗೆ ಇಳಿದಿದೆ, ಅಂದರೆ ಪಾದ ಹೂತುಹೋಗಿದೆ. ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಅವುಗಳ ಮೇಲೆ ಇನ್ನೆರಡಡಿ ಎರೆ ಹೇರಿದರೆ ಗಾಳಿ ಎಲ್ಲಿಂದ ಬರಬೇಕು? ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಅಂಟಾಗುತ್ತದೆ, ಆಗ ನಿಮ್ಮ ಕಟ್ಟೆ ತೂತಿಲ್ಲದ ಕುಂಡ. ಬೇವು ಬರವನ್ನು ತಡೆಯುತ್ತದೆ, ನಿಂತ ನೀರನ್ನಲ್ಲ. ಯೂರಿಯಾ ಹಾಕುವುದು ಉಸಿರು ಕಟ್ಟಿದವನಿಗೆ ಹೋಳಿಗೆ ಉಣಿಸಿದ ಹಾಗೆ.

ತಲೆ ಸವರುವುದಂತೂ ಬೇಡವೇ ಬೇಡ. ಬೇರು ಸೋತಾಗ ಉಳಿದ ಎಲೆಗಳೇ ಅದಕ್ಕೆ ಅನ್ನ. ಸತ್ತ ರೆಂಬೆಗಳನ್ನು ಮಾತ್ರ ತೆಗೆಯಿರಿ. ಕಾಂಡದ ಸುತ್ತ ಕುರ್ಪಿಯಿಂದ ನಿಧಾನವಾಗಿ ಮಣ್ಣು ಬಿಡಿಸಿ, ಗುದ್ದಲಿ ಹಾಕಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ.

ಉದ್ಯಾನದ ಹುಡುಗ: ಭಾನುವಾರ ಮೂವರು ಸೇರಿ ಬಿಡಿಸಿದೆವು. ಒಂದು ಅಡಿ ಇಳಿಯುವಷ್ಟರಲ್ಲಿ ಕೆಸರಿನ ಹುಳಿ ವಾಸನೆ. ಕಾಂಡದಿಂದಲೇ ಹೊಸ ಬಿಳಿ ಬೇರುಗಳು ಮೇಲ್ಮುಖವಾಗಿ ಹೊರಟಿವೆ. ಮೂರು ಮರಗಳ ತೊಗಟೆ ಕೆರೆದರೆ ಒಳಗೆ ಹಸಿರು ಇದೆ. ನಾಲ್ಕನೆಯದು ಸುತ್ತಲೂ ಕಪ್ಪಾಗಿದೆ, ಬೆರಳು ಒತ್ತಿದರೆ ತೊಗಟೆ ಕಳಚಿ ಬರುತ್ತದೆ. ಕಟ್ಟೆ ಒಡೆಯಲು ಮಾತ್ರ ಸಮಿತಿ ಒಪ್ಪುತ್ತಿಲ್ಲ.

ತೋಟದ ಕಾಕಾ: ಒಡೆಯುವುದೇಕೆ? ಗೋಡೆ ಇರಲಿ, ಹಿರಿಯರು ಕೂರಲಿ. ಒಳಗೆ ತುಂಬಿದ ಮಣ್ಣನ್ನೆಲ್ಲ ಹಳೆಯ ನೆಲದ ಮಟ್ಟದವರೆಗೆ ತೆಗೆಯಿರಿ. ಗೋಡೆಯ ಅಡಿಯಲ್ಲಿ ನಾಲ್ಕು ಕಡೆ ತೂತು ಕೊರೆಸಿ, ನೀರು ಹೊರಹೋಗಲಿ. ಬೇಸಿಗೆಯಲ್ಲಿ ನೀರು ಕೊಡುವುದಾದರೆ ಬುಡಕ್ಕಲ್ಲ, ಮಧ್ಯಾಹ್ನ ನೆರಳು ಬೀಳುವ ಅಂಚಿಗೆ. ಒಣ ಎಲೆಗಳ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ. ನಾಲ್ಕನೆಯದು ಉಳಿಯುವುದಿಲ್ಲ. ಜನ ಕೂರುವ ಜಾಗ, ತಡ ಮಾಡಬೇಡಿ, ಆದರೆ ಕಡಿಯುವ ಮೊದಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಿ. ಉಳಿದ ಮೂರು ಚೇತರಿಸಿಕೊಳ್ಳಲು ಎರಡು-ಮೂರು ವರ್ಷವಾದರೂ ಬೇಕು.

ಹಸಿರು ಕೈ: ಸೋತೆ ಕಾಕಾ, ನಾನು ಬುಡ ಕೇಳಲೇ ಇಲ್ಲ. ಆದರೆ ಆ ಖಾಲಿ ಕಟ್ಟೆ ಚೆಂದ ಕಾಣುವುದಿಲ್ಲ. ಒಳಗೆ ಒಂದಿಷ್ಟು ಮಣ್ಣು ಹಾಕಿ ದಾಸವಾಳ ನೆಟ್ಟರೆ?

ತೋಟದ ಕಾಕಾ: ತಮ್ಮಾ, ಮೊದಲಿನಿಂದ ಇನ್ನೊಮ್ಮೆ ಓದಿ.